63 ಅಂಕದ ವರದಿಗೆ ಸಹಿ ಯಾಕೆ ಬೀಳಲಿಲ್ಲ: ಒಬ್ಬ ಸೈಕಾಲಜಿ ಇಂಟರ್ನ್‌ನ ತರಬೇತಿಯ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಇಬ್ಬರಿದ್ದಾರೆ. ಒಬ್ಬ, ಉತ್ತರ ಕರ್ನಾಟಕದ ಲಂಬಾಣಿ ತಾಂಡಾವೊಂದರ 11 ವರ್ಷದ ಹುಡುಗ. ಇನ್ನೊಬ್ಬಳು, ಅವನ ಬುದ್ಧಿಮಟ್ಟ ಅಳೆಯಲು ಎದುರು ಕೂತ ಇಂಟರ್ನ್. ಎಂ.ಎಸ್ಸಿ. ಮನಶ್ಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿನಿ, ಆರು ವಾರಕ್ಕೆ ನಮ್ಮ ಜಿಲ್ಲಾ ಆಸ್ಪತ್ರೆಗೆ ಬಂದವಳು. ನಾನು ಅಲ್ಲಿನ ಕ್ಲಿನಿಕಲ್ ಸೈಕಾಲಜಿಸ್ಟ್, ಆಕೆಯ ಸೂಪರ್‌ವೈಸರ್. ರೋಗಿಗಳ ಪ್ರಕರಣವನ್ನು ನಾವು ಬೇಕಾದಷ್ಟು ಬರೆಯುತ್ತೇವೆ. ಕಲಿಯಲು ಬಂದವರು ಏನು ಕಲಿತರು, ಎಲ್ಲಿ ಎಡವಿದರು, ಯಾವ ಗುರಿ ಕೊಟ್ಟಾಗ ಮುಂದೆ ಹೋದರು ಅನ್ನುವುದನ್ನು ಬರೆಯುವುದು ಕಡಿಮೆ. ಅದನ್ನು ಇಲ್ಲಿ ಬರೆದಿದ್ದೇನೆ. ಗುರುತು ಸಿಗದ ಹಾಗೆ ಮನೆಯ ವಿವರಗಳನ್ನೂ ಕೆಲವು ಅಂಕಗಳನ್ನೂ ಬದಲಿಸಿದ್ದೇನೆ.

ಆಕೆ ಬಂದಾಗ ಕೈಯಲ್ಲಿ ಕಾಲೇಜಿನ ಲಾಗ್‌ಬುಕ್ ಇತ್ತು. ಐದು ಕೇಸ್ ಹಿಸ್ಟರಿ, ಐದು ಮಾನಸಿಕ ಸ್ಥಿತಿ ಪರೀಕ್ಷೆ, ಐದು ಬುದ್ಧಿಮಟ್ಟದ ಪರೀಕ್ಷೆ, ಎರಡು ವ್ಯಕ್ತಿತ್ವ ಪರೀಕ್ಷೆ. ಪ್ರತಿಯೊಂದರ ಮುಂದೆ ಸೂಪರ್‌ವೈಸರ್ ಸಹಿಗೆ ಒಂದು ಖಾನೆ. 'ತರಬೇತಿಯ ಗುರಿಗಳು' ಎಂಬ ತಲೆಬರಹದ ಕೆಳಗೆ ಇದ್ದದ್ದು ಇಷ್ಟೇ. ಲೆಕ್ಕ ಇಟ್ಟುಕೊಳ್ಳುವುದು ತಪ್ಪಲ್ಲ. ಒಂದೂ ಪರೀಕ್ಷೆ ಮಾಡದೆ ಯಾರೂ ಕಲಿಯುವುದಿಲ್ಲ. ಆದರೆ ಎಷ್ಟು ಸಲ ಮಾಡಿದರು ಎಂಬುದು ಹೇಗೆ ಮಾಡಿದರು ಎಂದು ಹೇಳುವುದಿಲ್ಲ. ವೈದ್ಯಕೀಯ ಶಿಕ್ಷಣದಲ್ಲಿ ಜಾರ್ಜ್ ಮಿಲ್ಲರ್ 1990ರಲ್ಲಿ ಕೌಶಲಕ್ಕೆ ನಾಲ್ಕು ಮೆಟ್ಟಿಲು ಹೇಳಿದರು. ವಿಷಯ ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ಕೊನೆಗೆ ನಿಜವಾದ ಕೆಲಸದಲ್ಲಿ ಮಾಡುವುದು. ಇಂಟರ್ನ್‌ಗಳು ಬರುವಾಗ ಸಾಮಾನ್ಯವಾಗಿ ಎರಡನೇ ಮೆಟ್ಟಿಲಲ್ಲಿ ಇರುತ್ತಾರೆ. ಲಾಗ್‌ಬುಕ್ ಮಾತ್ರ ಅವರು ನಾಲ್ಕನೆಯದರಲ್ಲಿ ಇದ್ದಾರೆ ಎಂದುಕೊಂಡು ಎಣಿಸುತ್ತದೆ.

ಹುಡುಗ ಬಂದದ್ದು

ಸರ್ಕಾರಿ ಶಾಲೆಯ 5ನೇ ಕ್ಲಾಸು. ಮೇಷ್ಟ್ರು ಒಂದು ಚೀಟಿ ಬರೆದುಕೊಟ್ಟಿದ್ದರು: ಓದಲು, ಬರೆಯಲು ಬರುವುದಿಲ್ಲ, ಹೇಳಿದ್ದು ಅರ್ಥ ಆಗುವುದಿಲ್ಲ, ಬುದ್ಧಿಮಾಂದ್ಯತೆ ಇರಬಹುದು, ಪರೀಕ್ಷಿಸಿ ಪ್ರಮಾಣಪತ್ರ ಕೊಡಿ. ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ಅಂದರೆ ಇಬ್ಬರ ಕೂಲಿಯೂ ಆ ದಿನ ಹೋಗಿತ್ತು. ಸರ್ಟಿಫಿಕೇಟ್ ಆದರೆ ತಿಂಗಳ ಪಿಂಚಣಿ ಬರುತ್ತದೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಅಮ್ಮ ಜಾಸ್ತಿ ಮಾತಾಡಲಿಲ್ಲ. ಮಧ್ಯೆ ಒಂದು ಸಲ ಮಾತ್ರ, "ಮನ್ಯಾಗ ಎಲ್ಲಾ ಮಾಡ್ತಾನ್ರಿ ಮೇಡಂ. ಸಾಲ್ಯಾಗಷ್ಟ ಹಿಂಗ" ಅಂದರು. ಇಂಟರ್ನ್ ಆ ಮಾತನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ವರದಿಯಲ್ಲಿ ಅದು ಇರಲಿಲ್ಲ.

ಆಕೆ ಮಾಡಿದ ಪರೀಕ್ಷೆಗಳು ಎರಡು. ಮೊದಲು ಸೆಗ್ವಿನ್ ಫಾರ್ಮ್ ಬೋರ್ಡ್. ಹತ್ತು ಮರದ ತುಂಡುಗಳನ್ನು ಅವುಗಳ ಆಕಾರದ ಗುಳಿಯಲ್ಲಿ ಕೂರಿಸುವುದು, ಮೂರು ಸಲ, ಅದರಲ್ಲಿ ಕಡಿಮೆ ಹೊತ್ತು ತೆಗೆದುಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯುವುದು. ಆಮೇಲೆ ಮಿಸಿಕ್. ಇದು ಅಮೆರಿಕದ ಮನಶ್ಶಾಸ್ತ್ರಜ್ಞ ವೆಕ್ಸ್ಲರ್ ಅವರ ಮಕ್ಕಳ ಬುದ್ಧಿಮಟ್ಟದ ಪರೀಕ್ಷೆಯನ್ನು ಎ.ಜೆ. ಮಾಲಿನ್ ನಾಗಪುರದಲ್ಲಿ ಭಾರತದ ಮಕ್ಕಳಿಗೆಂದು ಹೊಂದಿಸಿದ್ದು, 6ರಿಂದ 15 ವರ್ಷದವರಿಗೆ. ಮಾತಿನ ಭಾಗ ಒಂದು, ಕೈಕೆಲಸದ ಭಾಗ ಒಂದು. ಎರಡರ ಸರಾಸರಿಯೇ ಒಟ್ಟು ಬುದ್ಧಿಮಟ್ಟ.

ಆಕೆಯ ಕೆಲಸದಲ್ಲಿ ಒಳ್ಳೆಯದು ಬಹಳ ಇತ್ತು, ಅದನ್ನು ಮೊದಲೇ ಹೇಳಬೇಕು. ತಾನು ಇನ್ನೂ ಕಲಿಯುತ್ತಿರುವವಳು, ಮೇಡಂ ನೋಡುತ್ತಾರೆ ಎಂದು ಮನೆಯವರಿಗೆ ಹೇಳಿದಳು. ಎಷ್ಟೋ ಇಂಟರ್ನ್‌ಗಳು ಅದನ್ನು ಹೇಳಲು ಹಿಂಜರಿಯುತ್ತಾರೆ. ಹುಡುಗನಿಗೂ ಏನು ಮಾಡುತ್ತೇವೆ ಎಂದು ಹೇಳಿ, ಅವನು ಹೂಂ ಅಂದ ಮೇಲೆ ಶುರು ಮಾಡಿದಳು. ಸ್ಟಾಪ್‌ವಾಚ್ ಸರಿಯಾಗಿ ಹಿಡಿದಳು. ಅಂಕ ಕೂಡಿಸಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಮಾತಿನ ಭಾಗ 52. ಕೈಕೆಲಸದ ಭಾಗ 74. ಒಟ್ಟು 63. 50ರಿಂದ 69ರ ನಡುವೆ ಇದ್ದರೆ ಸೌಮ್ಯ ಮಟ್ಟದ ಬೌದ್ಧಿಕ ವೈಕಲ್ಯ ಎಂದು ಪುಸ್ತಕ ಹೇಳುತ್ತದೆ. ಆಕೆ ಹಾಗೇ ಬರೆದಳು. ಒಂದೂವರೆ ಪುಟದ ಚೊಕ್ಕ ವರದಿ. ಸಂಜೆ ನನ್ನ ಟೇಬಲ್ ಮೇಲೆ ಸಹಿಗೆ ಬಂತು.

ಈ ಸಹಿಯ ವಿಷಯ ಸ್ವಲ್ಪ ಹೇಳಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಎಂ.ಎಸ್ಸಿ. ಓದುತ್ತಿರುವವರಿಗೆ ಆ ನೋಂದಣಿ ಇರುವುದಿಲ್ಲ. ಪರೀಕ್ಷೆ ಇಂಟರ್ನ್ ಮಾಡಿದರೂ ವರದಿಯ ಹೊಣೆ ಸಹಿ ಹಾಕಿದವರದು. ಒಪಿಡಿಯಲ್ಲಿ ಸಾಲು ಇರುವ ದಿನ ಕೊನೆಯ ಸಾಲು ಓದಿ ಸಹಿ ಹಾಕುವ ಆಸೆ ಯಾರಿಗಾದರೂ ಆಗುತ್ತದೆ. ಹಾಗಾಗಿ ನನ್ನದೊಂದು ನಿಯಮ: ಉತ್ತರ ಪತ್ರಿಕೆ, ಪೆನ್ಸಿಲ್ ನೋಟ್ಸ್ ಸಮೇತ ಕೊಡದ ವರದಿಯನ್ನು ನೋಡುವುದಿಲ್ಲ.

ಪೆನ್ಸಿಲ್ ನೋಟ್ಸ್ ಹೇಳಿದ್ದು

ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಬರೆಯುವ ಹಾಗಿಲ್ಲ. ಒಮ್ಮೆ ಎಲ್ಲರಿಗೂ ಗೊತ್ತಾದರೆ ಪರೀಕ್ಷೆಯೇ ಕೆಲಸಕ್ಕೆ ಬಾರದು. ಉತ್ತರ ಪತ್ರಿಕೆ ಹೇಗಿತ್ತು ಎಂದಷ್ಟೇ ಹೇಳುತ್ತೇನೆ.

ಮಾತಿನ ಭಾಗದಲ್ಲಿ ತಪ್ಪು ಉತ್ತರ ಕಡಿಮೆ ಇತ್ತು. ಉತ್ತರವೇ ಇಲ್ಲದ್ದು ಜಾಸ್ತಿ. ಇವೆರಡೂ ಒಂದೇ ಅಲ್ಲ. ಪ್ರಶ್ನೆ ತಿಳಿದು ತಪ್ಪು ಹೇಳುವ ಮಗು ತನ್ನ ಯೋಚನೆಯನ್ನು ನಮಗೆ ತೋರಿಸುತ್ತದೆ. ಸುಮ್ನೆ ಕೂತ ಮಗು ಏನನ್ನೂ ತೋರಿಸುವುದಿಲ್ಲ. ಸೊನ್ನೆ ಮಾತ್ರ ಎರಡಕ್ಕೂ ಒಂದೇ. ಅಂಕಿಗಳನ್ನು ಕೇಳಿ ಹಾಗೇ ತಿರುಗಿ ಹೇಳುವ ಉಪಪರೀಕ್ಷೆಯಲ್ಲಿ ಅವನದು ತೀರಾ ಕಡಿಮೆ. ಬಾಯಿಲೆಕ್ಕವೂ ಅಷ್ಟೇ. ಕೈಕೆಲಸದ ಭಾಗದಲ್ಲಿ ಬಣ್ಣದ ಗಟ್ಟಿಗಳಿಂದ ವಿನ್ಯಾಸ ಮಾಡುವುದು, ದಾರಿ ಹುಡುಕುವ ಚಿತ್ರ, ಇವೆರಡೂ ವಯಸ್ಸಿಗೆ ತಕ್ಕ ಹಾಗೆ. ಪೆನ್ಸಿಲ್ ಹಿಡಿದು ಬೇಗ ಬೇಗ ಗುರುತು ಬರೆಯುವ ಉಪಪರೀಕ್ಷೆ ಬಿದ್ದುಹೋಗಿ ಆ ಭಾಗದ ಅಂಕವನ್ನು ಕೆಳಗೆ ಎಳೆದಿತ್ತು. ಸೆಗ್ವಿನ್ ಹಲಗೆಯನ್ನು ಆರಾಮಾಗಿ ಮುಗಿಸಿದ್ದ. ಬುದ್ಧಿಮಟ್ಟ ಎಲ್ಲ ಕಡೆ ಒಂದೇ ಸಮ ಕಡಿಮೆ ಇರುವ ಮಗುವಿನ ಪತ್ರಿಕೆ ಹೀಗೆ ಕಾಣುವುದು ಅಪರೂಪ. ಎರಡು ಭಾಗಗಳ ನಡುವೆ 22 ಅಂಕದ ಅಂತರ ಇರುವಾಗ ಅವುಗಳ ಸರಾಸರಿ ತೆಗೆದು 63 ಎಂದರೆ, ಆ 63 ಯಾವ ಹುಡುಗನದು? ಈ ಪತ್ರಿಕೆಯ ಯಾವ ಮೂಲೆಯಲ್ಲೂ ಅಂಥ ಹುಡುಗ ಇಲ್ಲ.

ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಆಕೆ ಸಣ್ಣ ಸಣ್ಣ ಟಿಪ್ಪಣಿ ಬರೆದಿದ್ದಳು. 'ಪ್ರಶ್ನೆ ಎರಡು ಸಲ ಹೇಳಿದೆ.' 'ಮುಖ ಎಡಕ್ಕೆ ತಿರುಗಿಸಿ ಕೂರುತ್ತಾನೆ.' 'ಅಮ್ಮನನ್ನು ಅವರ ಭಾಷೆಯಲ್ಲಿ ಏನೋ ಕೇಳಿದ.' 'ಮುಖ ನೋಡಿ ಮಾತಾಡಿದರೆ ಬೇಗ ಉತ್ತರ.' ಓದುತ್ತಾ ನನಗೆ ನಿಜಕ್ಕೂ ಖುಷಿಯಾಯಿತು. ಈ ಹುಡುಗಿಗೆ ಕಣ್ಣಿದೆ. ಆದರೆ ವರದಿಯಲ್ಲಿ ನಡವಳಿಕೆಯ ಖಾನೆಯಲ್ಲಿ ಇದ್ದದ್ದು ಒಂದೇ ಮಾತು: 'ಸಹಕರಿಸಿದ.'

ಅಲ್ಲಿಂದ ಮುಂದಿನ ತರಬೇತಿಯೆಲ್ಲ ನಿಂತದ್ದು ಇದರ ಮೇಲೆ. ಕಾಣುವುದನ್ನು ಆಕೆಗೆ ಕಲಿಸಬೇಕಾಗಿರಲಿಲ್ಲ. ತಾನು ಕಂಡದ್ದಕ್ಕೂ ಅಂಕದಷ್ಟೇ ತೂಕ ಇದೆ, ಎರಡೂ ಒಂದಕ್ಕೊಂದು ಹೊಂದದಿದ್ದರೆ ಅಲ್ಲೇ ನಿಲ್ಲಬೇಕು ಅನ್ನುವುದನ್ನು ಕಲಿಸಬೇಕಿತ್ತು. ಹೊಸಬರಿಗೆ ಅಂಕಿ ಒಂದು ಧೈರ್ಯ. ಕೈಪಿಡಿಯಲ್ಲಿ ಅಚ್ಚಾಗಿರುವ ಕೋಷ್ಟಕದ ಮುಂದೆ 'ಮುಖ ತಿರುಗಿಸುತ್ತಾನೆ' ಎಂಬ ತನ್ನದೇ ಟಿಪ್ಪಣಿ ಅವರಿಗೆ ಚಿಕ್ಕದಾಗಿ ಕಾಣುತ್ತದೆ. ಇಷ್ಟು ವರ್ಷಗಳಲ್ಲಿ ನಾನು ನೋಡಿದ ಇಂಟರ್ನ್‌ಗಳಲ್ಲಿ ಜಾಣರು ಎನ್ನಿಸಿಕೊಂಡವರಿಗೇ ಈ ತೊಡಕು ಹೆಚ್ಚು.

ಮಾರನೇ ದಿನದ ಸೂಪರ್‌ವಿಷನ್

ವರದಿ ತಪ್ಪು ಎಂದು ನಾನು ಹೇಳಲಿಲ್ಲ. "ನಾನು ಇದಕ್ಕೆ ಈಗ ಸಹಿ ಹಾಕಿದೆ ಅಂತ ಇಟ್ಕೊಳ್ಳಮ್ಮ. ಈ ಹುಡುಗನಿಗೆ ಮುಂದೆ ಏನೇನಾಗುತ್ತೆ, ಹೇಳು" ಅಂದೆ.

ಆಕೆಗೆ ಕಾಯ್ದೆ ಗೊತ್ತಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೌಲಭ್ಯಗಳಿಗೆ 40% ವೈಕಲ್ಯ ಇರಬೇಕು, ಸೌಮ್ಯ ಬೌದ್ಧಿಕ ವೈಕಲ್ಯಕ್ಕೆ ಸರ್ಕಾರದ ಮಾರ್ಗಸೂಚಿ 50% ಕೊಡುತ್ತದೆ, ಆಮೇಲೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ಪಿಂಚಣಿ. "ಮನೆಯವರಿಗೆ ಅನುಕೂಲ ಆಗುತ್ತಲ್ವಾ ಮೇಡಂ?" ಎಂದು ಕೇಳಿದಳು. ಪ್ರಾಮಾಣಿಕ ಪ್ರಶ್ನೆ. ಅದನ್ನು ತಳ್ಳಿಹಾಕುವ ಹಾಗಿಲ್ಲ. ಬೇಕಾದ ಮಗುವಿಗೆ ಪ್ರಮಾಣಪತ್ರ ಸಿಗದೆ ಇರುವುದು ದೊಡ್ಡ ಅನ್ಯಾಯ. ಅದಕ್ಕಾಗಿ ಎಷ್ಟೋ ತಾಯಂದಿರು ನಮ್ಮ ಆಸ್ಪತ್ರೆಗೆ ಮತ್ತೆ ಮತ್ತೆ ಅಲೆಯುತ್ತಾರೆ. ಆದರೆ ಈ ಹುಡುಗನ ವಿಷಯದಲ್ಲಿ ಶಾಲೆಯ ಮೇಷ್ಟ್ರು ಆ ಕಾಗದ ನೋಡಿದ ದಿನದಿಂದ ಕಲಿಸುವುದನ್ನು ನಿಲ್ಲಿಸಿದರೆ? ಅವನಿಗೆ ಇಲ್ಲದ ತೊಂದರೆಯ ಹೆಸರು ಬಿದ್ದು, ಇರುವ ತೊಂದರೆ ಹಾಗೇ ಉಳಿದುಬಿಟ್ಟರೆ?

ಇದು ಹೊಸ ಸಮಸ್ಯೆಯೂ ಅಲ್ಲ. ಅಮೆರಿಕದಲ್ಲಿ 1969ರಲ್ಲಿ ಅಧ್ಯಕ್ಷರ ಸಮಿತಿಯೊಂದು ಇಂಥ ಮಕ್ಕಳನ್ನು 'ಆರು ಗಂಟೆಯ ಮಂದಬುದ್ಧಿಯವರು' ಎಂದು ಕರೆದಿತ್ತು. ಶಾಲೆಯ ಆರು ಗಂಟೆ ಮಾತ್ರ ಮಂದಬುದ್ಧಿ, ಮನೆಗೆ ಹೋದರೆ ಬೇರೆ ಮಕ್ಕಳ ಹಾಗೇ. 1970ರಲ್ಲಿ ಕ್ಯಾಲಿಫೋರ್ನಿಯಾದ ಡಯಾನಾ ಪ್ರಕರಣದಲ್ಲಿ, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳನ್ನು ಇಂಗ್ಲಿಷ್‌ನಲ್ಲಿ ಪರೀಕ್ಷಿಸಿ ವಿಶೇಷ ತರಗತಿಗೆ ಹಾಕಿದ್ದು ಕೋರ್ಟಿಗೆ ಹೋಯಿತು. ಮಕ್ಕಳನ್ನು ಅವರ ಮನೆಮಾತಿನಲ್ಲೂ ಪರೀಕ್ಷಿಸಬೇಕು ಎಂದು ಒಪ್ಪಂದವಾಯಿತು. ಇದನ್ನು ಹೇಳಿ ಮುಗಿಸುವುದರೊಳಗೆ ಇಂಟರ್ನ್ ತನ್ನ ನೋಟ್‌ಬುಕ್ ತೆರೆದು ಆ ತಾಯಿಯ ಮಾತಿನ ಮೇಲೆ ಬೆರಳಿಟ್ಟಿದ್ದಳು. ಸಾಲ್ಯಾಗಷ್ಟ ಹಿಂಗ.

ನಮ್ಮಲ್ಲೂ ಇದರ ಅರಿವು ಹಳೆಯದು. ವಿ.ವಿ. ಕಾಮತ್ ಫ್ರಾನ್ಸಿನ ಬಿನೆ ಅವರ ಬುದ್ಧಿಮಟ್ಟದ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು ಹೊಂದಿಸಿ 1934ರಲ್ಲೇ ಪ್ರಕಟಿಸಿದ್ದರು. ಭಾಷೆ ಬದಲಾದರೆ ಪರೀಕ್ಷೆಯೂ ಬದಲಾಗಬೇಕು ಎಂದು ಅವರಿಗೆ ಆಗಲೇ ಗೊತ್ತಿತ್ತು. ಆದರೆ ನಮ್ಮ ಹುಡುಗನ ಮನೆಮಾತು ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ರಾಜಸ್ಥಾನಿಗೆ ಹತ್ತಿರದ ಗೋರ್ ಬೋಲಿ. ಕನ್ನಡ ಅವನಿಗೆ ಶಾಲೆಯ ಮಾತು.

ಅವತ್ತೇ ಕೂತು ಇಬ್ಬರೂ ಸೇರಿ ಗುರಿಗಳನ್ನು ಬೇರೆ ಥರ ಬರೆದೆವು. ನಾನು ಎದುರು ಕೂತು ನೋಡಿದರೆ ಆಯಿತೋ ಇಲ್ಲವೋ ಎಂದು ಹೇಳಬಹುದಾದ ಗುರಿಗಳು ಮಾತ್ರ. 'ಸಂದರ್ಶನ ಕೌಶಲ ಬೆಳೆಸಿಕೊಳ್ಳುವುದು' ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. 'ಪರೀಕ್ಷೆ ತೆಗೆಯುವ ಮೊದಲು ಮನೆಮಾತು, ಶಾಲೆಗೆ ಹೋದ ತಿಂಗಳುಗಳು, ಕಿವಿ, ಕಣ್ಣು, ಈ ನಾಲ್ಕನ್ನೂ ಕೇಳಿ ಬರೆದಿದ್ದಾಳೆಯೇ' ಎಂದರೆ ನೋಡಿ ಹೇಳಬಹುದು. ಇನ್ನೊಂದು, ತಾಯಿಯ ಹತ್ತಿರ ಹೌದು ಅಥವಾ ಇಲ್ಲ ಎಂಬ ಉತ್ತರ ಬರದ ಹಾಗೆ ಪ್ರಶ್ನೆ ಕೇಳುವುದು. ಮತ್ತೊಂದು, ವರದಿಯಲ್ಲಿ ಅಂಕಕ್ಕೆ ವಿರುದ್ಧ ನಿಲ್ಲುವ ಸಾಕ್ಷ್ಯಕ್ಕೆ ಒಂದು ಪ್ಯಾರಾ ಕಡ್ಡಾಯ. ಕೊನೆಯದು, ಮನೆಯವರಿಗೆ ಫಲಿತಾಂಶವನ್ನು ಅಂಕಿ ಹೇಳದೆ ಅರ್ಥ ಮಾಡಿಸುವುದು. ಇದನ್ನು ಆಕೆ ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದಳು. ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ಎರಡನೇ ಸುತ್ತು

ಮುಂದಿನ ವಾರ ಕುಟುಂಬ ಮತ್ತೆ ಬಂತು. ಈ ಸಲ ನಾನು ರೂಮಿನ ಮೂಲೆಯಲ್ಲಿ ಕೂತೆ. ಬಾಯಿ ಬಿಡುವುದಿಲ್ಲ ಎಂದು ಮೊದಲೇ ಒಪ್ಪಂದ.

ಮಾತು ದಾಟಿಸಲು ಯಾರು? ಹುಡುಗನ ಚಿಕ್ಕಪ್ಪನ ಮಗ ಬಂದಿದ್ದ, ಕನ್ನಡ ಚೆನ್ನಾಗಿತ್ತು. ಇಂಟರ್ನ್ ಅವನನ್ನೇ ಕೂರಿಸೋಣ ಅಂದಳು. ಬೇಡ ಅಂದೆ. ಮನೆಯ ಹುಡುಗ ಉತ್ತರವನ್ನೂ ಸೇರಿಸಿ ಹೇಳುತ್ತಾನೆ, ಹೇಳಬಾರದ್ದನ್ನು ಬಿಟ್ಟು ಹೇಳುತ್ತಾನೆ. ಅವನ ಎದುರು ತಾಯಿಯೂ ಎಲ್ಲ ಹೇಳುವುದಿಲ್ಲ. ನಮ್ಮಲ್ಲೇ ಲಂಬಾಣಿ ಸಮುದಾಯದ ಸ್ಟಾಫ್ ನರ್ಸ್ ಒಬ್ಬರಿದ್ದರು. ಅವರನ್ನು ಕೇಳಿಕೊಂಡೆವು. ಅವರಿಗೆ ಮೊದಲು ಹತ್ತು ನಿಮಿಷ ಹೇಳಿಕೊಟ್ಟದ್ದು ಇಂಟರ್ನ್: ನಾನು ಹೇಳಿದ್ದನ್ನಷ್ಟೇ ಹೇಳಿ, ಬಿಡಿಸಿ ಹೇಳಬೇಡಿ, ಕೈಸನ್ನೆ ಬೇಡ, ಹುಡುಗ ತಪ್ಪು ಹೇಳಿದರೆ ತಪ್ಪನ್ನೇ ನನಗೆ ಹೇಳಿ.

ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ. ಇದರಲ್ಲಿ ಅನುಭವಿಗಳೂ ಜಾರುತ್ತಾರೆ. ಮಿಸಿಕ್‌ನ ಮಾತಿನ ಭಾಗವನ್ನು ನರ್ಸ್ ಮೂಲಕ ಗೋರ್ ಬೋಲಿಯಲ್ಲಿ ಕೇಳಿ ಹೊಸ ಅಂಕ ಕೊಡಬಹುದಲ್ಲ ಎಂದು ಅನ್ನಿಸುತ್ತದೆ. ಕೊಡಬಾರದು. ಸ್ಥಳದಲ್ಲೇ ಅನುವಾದ ಮಾಡಿದ ಪ್ರಶ್ನೆ ಬೇರೆಯೇ ಪ್ರಶ್ನೆ. ಅದರ ಸುಲಭ, ಕಷ್ಟ ಬದಲಾಗಿರುತ್ತದೆ. ಹಳೆಯ ಕೋಷ್ಟಕ ಅದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಕೇಳಿದೆವು, ಅಂಕ ಕೊಡಲಿಲ್ಲ. ಅವನು ಹೇಗೆ ಯೋಚಿಸುತ್ತಾನೆ ಎಂದು ತಿಳಿಯಲು ಮಾತ್ರ ಬಳಸಿದೆವು. ಬಾಯಿಲೆಕ್ಕದಲ್ಲಿ ಹಿಂದಿನ ವಾರ ಸುಮ್ನೆ ಕೂತಿದ್ದವನು, ಅದೇ ಬಗೆಯ ಲೆಕ್ಕವನ್ನು ಅಂಗಡಿ, ಚಿಲ್ಲರೆ ಎಂದು ಅವನ ಮಾತಿನಲ್ಲಿ ಕೇಳಿದಾಗ ಬೆರಳು ಮಡಚಿ ಸರಿಯಾಗಿ ಹೇಳಿದ. ಇಂಟರ್ನ್ ತಿರುಗಿ ನನ್ನ ಮುಖ ನೋಡಿದಳು. ನಾನು ಕಣ್ಣು ತಗ್ಗಿಸಿದೆ. ಆ ಹೊತ್ತಿಗೆ ನನ್ನ ಒಪ್ಪಿಗೆ ಆಕೆಗೆ ಬೇಕಿರಲಿಲ್ಲ.

ಅಂಕ ಬೇಕಾದ ಕಡೆ ಮಾತು ಬೇಡದ ಪರೀಕ್ಷೆ ತೆಗೆದುಕೊಂಡೆವು: ರೇವನ್ ಅವರ ಬಣ್ಣದ ಮಾದರಿಗಳ ಪರೀಕ್ಷೆ. 36 ಚಿತ್ರಗಳು, ಪ್ರತಿಯೊಂದರಲ್ಲೂ ಬಿಟ್ಟುಹೋದ ತುಂಡು ಯಾವುದೆಂದು ಬೆರಳಿಟ್ಟು ತೋರಿಸಬೇಕು. 5ರಿಂದ 11 ವರ್ಷದವರಿಗೆ. ಅವನದು ಸರಾಸರಿಯ ಕೆಳ ಅಂಚಿಗೆ ಬಂತು. ಜಾಣ ಎಂದೇನೂ ಅಲ್ಲ, ಆದರೆ ಬೌದ್ಧಿಕ ವೈಕಲ್ಯದ ಹತ್ತಿರವೂ ಅಲ್ಲ. ಇಂಥ ಪರೀಕ್ಷೆಯೂ ಭಾಷೆ, ಶಾಲೆ, ಬಡತನದಿಂದ ಪೂರ್ತಿ ಹೊರಗಿಲ್ಲ. ಪುಸ್ತಕದ ಚಿತ್ರವನ್ನೇ ನೋಡದೆ ಬೆಳೆದ ಮಗುವಿಗೆ ಅದೂ ಸ್ವಲ್ಪ ಹೊಸದೇ.

ತಾಯಿಯ ಜೊತೆ ಮಾಡಿದ ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆಯ ಅಳತೆಯೇ ಈ ಪ್ರಕರಣದ ತಿರುಳು. ನಿಜ ಹೇಳಬೇಕೆಂದರೆ ಇದು ಮೊದಲ ದಿನವೇ ಆಗಬೇಕಿದ್ದ ಕೆಲಸ. ಬೌದ್ಧಿಕ ವೈಕಲ್ಯ ಎನ್ನಲು ಬುದ್ಧಿಮಟ್ಟದ ಅಂಕ ಒಂದೇ ಸಾಲದು. ದಿನನಿತ್ಯದ ಬದುಕಿನಲ್ಲೂ ಕೊರತೆ ಇರಬೇಕು ಎಂದು ರೋಗನಿರ್ಣಯದ ಕೈಪಿಡಿಗಳು ಸ್ಪಷ್ಟವಾಗಿ ಹೇಳುತ್ತವೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಡಿಎಸ್‌ಎಂ-5ರಲ್ಲಿ ತೀವ್ರತೆಯ ಮಟ್ಟವನ್ನು ನಿರ್ಧರಿಸುವುದೂ ದಿನನಿತ್ಯದ ಬದುಕನ್ನು ನೋಡಿಯೇ, ಅಂಕ ನೋಡಿ ಅಲ್ಲ. ಈ ಅಳತೆಯ ಭಾರತೀಯ ರೂಪದಲ್ಲಿ 89 ಅಂಶಗಳಿವೆ. ತಿನ್ನುವುದು, ಉಡುವುದು, ಓಡಾಡುವುದು, ಮಾತು, ಕೆಲಸ, ದುಡ್ಡಿನ ವ್ಯವಹಾರ, ಜನರ ಜೊತೆ ಬೆರೆಯುವುದು.

ಮೊದಲ ಕೆಲವು ಪ್ರಶ್ನೆಗಳನ್ನು ಇಂಟರ್ನ್ ಪಟ್ಟಿ ಓದಿದ ಹಾಗೆ ಕೇಳಿದಳು. ತಾಯಿ ಹೂಂ, ಇಲ್ರಿ, ಹೂಂ ಅನ್ನುತ್ತಾ ಹೋದರು. ಆಮೇಲೆ ಆಕೆ ಹಾಳೆಯನ್ನು ಮಗುಚಿ ಇಟ್ಟಳು. "ಅಕ್ಕಾ, ಬೆಳಗ್ಗೆ ಎದ್ದಾಗಿಂದ ರಾತ್ರಿ ಮಲಗೋ ತನಕ ಇವನು ಏನೇನು ಮಾಡ್ತಾನೆ, ನಿಧಾನಕ್ಕೆ ಹೇಳಿ" ಅಂದಳು. ತಾಯಿ ನರ್ಸ್ ಕಡೆ ತಿರುಗಿ ತಮ್ಮ ಮಾತಿನಲ್ಲಿ ಶುರು ಮಾಡಿದರು, ನಿಲ್ಲಿಸಲೇ ಇಲ್ಲ. ನಾವು ಕಬ್ಬು ಕಡಿಯಲು ಹೋದಾಗ ಗುಡಿಸಲು ನೋಡಿಕೊಳ್ಳುವವನು ಇವನೇ. ತಂಗಿಗೆ ಸ್ನಾನ ಮಾಡಿಸುತ್ತಾನೆ. ಅನ್ನ ಮಾಡುತ್ತಾನೆ, ರೊಟ್ಟಿಯನ್ನೂ ಬಡಿಯುತ್ತಾನೆ. ಸಂತೆಗೆ ಹೋಗಿ ಉಳಿದ ಚಿಲ್ಲರೆ ಎಣಿಸಿ ತರುತ್ತಾನೆ. ಒಬ್ಬನೇ ಬಸ್ಸು ಹತ್ತಿ ಅಜ್ಜಿಯ ತಾಂಡಾಕ್ಕೆ ಹೋಗುತ್ತಾನೆ. ಫೋನಿನಲ್ಲಿ ಹೆಸರು ಓದಲು ಬರದಿದ್ದರೂ ಫೋಟೋ ನೋಡಿ ಕರೆ ಮಾಡುತ್ತಾನೆ. ಓದು ಬರಹದ ಅಂಶಗಳಲ್ಲಿ ಅವನಿಗೆ ಅಂಕ ಸಿಗಲಿಲ್ಲ. ಮೇಜಿನ ಚಾಕು ಬಳಸುವಂಥ ಅಂಶಗಳು ಅವರ ಮನೆಗೆ ಅನ್ವಯಿಸುವಂಥದ್ದೇ ಅಲ್ಲ. ಅಷ್ಟಾದರೂ ಸಾಮಾಜಿಕ ಸೂಚ್ಯಂಕ (ವಯಸ್ಸಿಗೆ ಸರಿಯಾಗಿ ಇದ್ದರೆ 100) 90ರ ಆಸುಪಾಸು ಬಂತು.

ಇದೇ ಮಾತಿನ ನಡುವೆ ಎರಡು ಸಂಗತಿ ಹೊರಬಿದ್ದವು. ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ಕುಟುಂಬ ಮಹಾರಾಷ್ಟ್ರದ ಕಡೆ ಕಬ್ಬಿನ ಕಟಾವಿಗೆ ಹೋಗುತ್ತದೆ, ಯುಗಾದಿ ಹೊತ್ತಿಗೆ ವಾಪಸ್. ಅಷ್ಟು ತಿಂಗಳು ಹುಡುಗನಿಗೆ ಶಾಲೆಯೇ ಇಲ್ಲ. ಹಾಜರಿ ಪುಸ್ತಕದಲ್ಲಿ 5ನೇ ಕ್ಲಾಸು. ಕೂತು ಕಲಿತದ್ದು ಅದರ ಅರ್ಧದಷ್ಟು ಇರಬಹುದು. ಇನ್ನೊಂದು, ಎಡಗಿವಿ. ಚಿಕ್ಕಂದಿನಿಂದ ಸೋರುತ್ತದೆ. ಎಣ್ಣೆ ಬಿಡುತ್ತಾರೆ. "ಕಿವಿ ಕೇಳುತ್ತಾ?" ಎಂದು ನೇರವಾಗಿ ಕೇಳಿದ್ದರೆ ತಾಯಿ ಹೌದು ಅನ್ನುತ್ತಿದ್ದರು, ಯಾಕೆಂದರೆ ಮನೆಯಲ್ಲಿ ಹತ್ತಿರದಿಂದ ಕೂಗಿದರೆ ಅವನಿಗೆ ಕೇಳುತ್ತದೆ. "ಮಳೆಗಾಲದಲ್ಲಿ, ನೆಗಡಿ ಆದಾಗ ಹೇಗಿರ್ತಾನೆ?" ಎಂದು ಇಂಟರ್ನ್ ಕೇಳಿದಾಗ ಇದೆಲ್ಲ ಬಂತು.

ಇಎನ್‌ಟಿ ವಿಭಾಗ ಅದೇ ಕಟ್ಟಡದಲ್ಲಿದೆ. ಎಡಗಿವಿಯ ತಮಟೆಯಲ್ಲಿ ತೂತು, ಒಳಗೆ ಹಳೆಯ ಸೋಂಕು. ಆಡಿಯೋಮೆಟ್ರಿಯಲ್ಲಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆಯಲ್ಲಿ, ಎಡಗಿವಿಗೆ ಮಧ್ಯಮ ಮಟ್ಟದ ಶ್ರವಣ ದೋಷ, ಬಲಗಿವಿಗೆ ಅಲ್ಪ. ಮುಖ ಎಡಕ್ಕೆ ತಿರುಗಿಸಿದರೆ ಬಲಗಿವಿ ಮಾತಾಡುವವರ ಕಡೆಗೆ ಬರುತ್ತದೆ. ಪೆನ್ಸಿಲ್ ಟಿಪ್ಪಣಿಯಲ್ಲಿ ಇದ್ದದ್ದು ಅದೇ. ಗದ್ದಲದ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತವನಿಗೆ ಮಾತು ಅರ್ಧಂಬರ್ಧ ಕೇಳುತ್ತದೆ. ಮನೆಮಾತಾದರೆ ಉಳಿದರ್ಧವನ್ನು ನಾವು ಊಹಿಸಿಕೊಳ್ಳುತ್ತೇವೆ. ಸರಿಯಾಗಿ ಬಾರದ ಭಾಷೆಯಲ್ಲಿ ಅದೂ ಆಗುವುದಿಲ್ಲ.

ಈಗ ಇಂಟರ್ನ್ ಇನ್ನೊಂದು ತುದಿಗೆ ಹೋದಳು. ಹಾಗಾದರೆ ಇದು ಕಲಿಕಾ ನ್ಯೂನತೆ ಇರಬಹುದಲ್ವಾ, ಅದಕ್ಕೂ ಪ್ರಮಾಣಪತ್ರ ಇದೆಯಲ್ಲ ಎಂದಳು. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಅದೂ ಸೇರಿದೆ, ನಿಜ. ಆದರೆ ಕಲಿಸಿಯೂ ಕಲಿಯಲಾಗದವರಿಗೆ ಆ ಹೆಸರು. ಇವನಿಗೆ ಸರಿಯಾಗಿ ಕಲಿಸಿದ್ದು ಯಾವಾಗ? ಕಿವಿಗೆ ಚಿಕಿತ್ಸೆ ಆಗಿ, ಒಂದು ವರ್ಷವಾದರೂ ಬಿಡದೆ ಪಾಠ ಸಿಕ್ಕಿದ ಮೇಲೆ ಬೇಕಾದರೆ ಆ ಪ್ರಶ್ನೆ ಕೇಳಬಹುದು. ಒಂದು ಹೆಸರನ್ನು ಕಿತ್ತ ಕೂಡಲೇ ಇನ್ನೊಂದು ಹೆಸರು ಅಂಟಿಸದೆ ಇರುವುದೂ ಒಂದು ಕೌಶಲ. ಗೊತ್ತಿಲ್ಲ ಎಂಬ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಬರಬೇಕು. ಇದನ್ನು ಲಾಗ್‌ಬುಕ್ಕಿನ ಯಾವ ಖಾನೆಯಲ್ಲಿ ಬರೆಯಬೇಕೋ ನನಗೆ ಇವತ್ತಿಗೂ ತೋಚಿಲ್ಲ.

ಅಪ್ಪನಿಗೆ ಹೇಳುವುದು

ಫಲಿತಾಂಶ ಹೇಳುವ ಮೊದಲು ರೋಲ್ ಪ್ಲೇ ಮಾಡಿದೆವು. ನಾನು ಅಪ್ಪನಾದೆ. ಆಕೆ ಶುರು ಮಾಡಿದ್ದು 'ಬುದ್ಧಿಮಟ್ಟದ ಪರೀಕ್ಷೆ ಅಂದರೆ' ಎಂದು. ಸೂಚ್ಯಂಕ, ಸರಾಸರಿ, ಡೆಸಿಬೆಲ್ ಎಲ್ಲ ಬಂತು. ನಾನು ಮಧ್ಯೆ ತಡೆದು, "ಹಂಗಾರ ಪಗಾರ ಬರೂದಿಲ್ಲೇನ್ರಿ?" ಅಂದೆ. ಆಕೆ ತಡವರಿಸಿದಳು. ಕ್ಷಮೆ ಕೇಳಿದಳು. ಆಮೇಲೆ ಇಲ್ಲ ಅನ್ನುವುದನ್ನು ಮೂರು ಸುತ್ತು ಸುತ್ತಿ ಹೇಳಿದಳು. ಬೇಡದ ಸುದ್ದಿಯನ್ನು ಮೆತ್ತಗೆ ಹೇಳಲು ಹೋಗಿ ಅರ್ಥವೇ ಆಗದ ಹಾಗೆ ಹೇಳುವುದು ಹೊಸಬರಲ್ಲಿ ತುಂಬಾ ಸಾಮಾನ್ಯ. ಮತ್ತೆ ಮಾಡಿದೆವು. ಮತ್ತೆ. ಒಂದು ಹಂತದಲ್ಲಿ ಪಾತ್ರ ಬದಲಿಸಿದೆವು. ಆಕೆ ಅಪ್ಪನಾಗಿ ಕೂತು ನನ್ನ ಮಾತು ಕೇಳಿದಳು. ಅಲ್ಲಿಂದ ಆಕೆಯ ಮಾತು ಬದಲಾಯಿತು.

ಅಪ್ಪನ ಎದುರು ಆಕೆ ಹೇಳಿದ್ದು ಇಷ್ಟು: "ಅಣ್ಣಾ, ಇವನ ಬುದ್ಧಿಗೆ ತೊಂದರೆ ಇಲ್ಲ. ಕಿವಿಗೆ ತೊಂದರೆ ಇದೆ, ಸಾಲಿ ತಪ್ಪಿದೆ. ಬುದ್ಧಿಯ ಸರ್ಟಿಫಿಕೇಟ್ ಕೊಡೋಕೆ ಆಗಲ್ಲ." ಅಷ್ಟು ಹೇಳಿ ಸುಮ್ಮನಾದಳು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡ ಸಲ ಬಂದೇವ್ರಿ. ಕೂಲಿ ಬಿಟ್ಟ ಬಂದೇವಿ" ಅಂದರು. ಆಕೆ ಸಮಾಧಾನದ ಮಾತು ಹುಡುಕಲಿಲ್ಲ. "ಹೌದಣ್ಣ, ನಿಮಗೆ ನಷ್ಟ ಆಗಿದೆ" ಅಂದಳು. ಇದು ರೋಲ್ ಪ್ಲೇಯಲ್ಲಿ ಇರಲಿಲ್ಲ, ನಾನು ಹೇಳಿಕೊಟ್ಟದ್ದೂ ಅಲ್ಲ. ಅಪ್ಪನ ಬೇಸರ ಹೋಗಲಿಲ್ಲ. ಆದರೂ ಕಿವಿಯ ವಿಷಯಕ್ಕೆ ಬಂದಾಗ ಅವರು ಕುರ್ಚಿಯಲ್ಲಿ ಮುಂದೆ ಬಂದು ಕೇಳಿಸಿಕೊಂಡರು. ಆಪರೇಷನ್ನಿಗೆ ದುಡ್ಡು ಎಷ್ಟು, ಕಬ್ಬಿಗೆ ಹೋಗುವ ಮೊದಲು ಆಗುತ್ತದೆಯೇ ಎಂದು ಕೇಳಿದರು. ಮೊದಲು ಸೋರುವುದು ನಿಲ್ಲಬೇಕು, ಎಣ್ಣೆ ಬಿಡಬಾರದು, ನೀರು ಹೋಗಬಾರದು, ಆಮೇಲೆ ಆಪರೇಷನ್ ಎಂದು ಇಎನ್‌ಟಿ ಡಾಕ್ಟರು ಹೇಳಿದ್ದನ್ನು ನರ್ಸ್ ಅವರ ಮಾತಿನಲ್ಲಿ ತಿಳಿಸಿದರು.

ಶಾಲೆಗೆ ಬರೆದ ಪತ್ರ ಇಂಟರ್ನ್‌ನದು. ಮೇಷ್ಟ್ರನ್ನು ಎಲ್ಲೂ ದೂರಲಿಲ್ಲ. ಅಷ್ಟು ಮಕ್ಕಳ ನಡುವೆ ಈ ಹುಡುಗನನ್ನು ಗಮನಿಸಿ ಆಸ್ಪತ್ರೆಗೆ ಕಳಿಸಿದ್ದು ಅವರೇ ಅಲ್ವಾ. ಪತ್ರದಲ್ಲಿ ಮಾಡಬಹುದಾದ ಕೆಲಸಗಳು ಮಾತ್ರ ಇದ್ದವು. ಮುಂದಿನ ಸಾಲಿನಲ್ಲಿ, ಬೋರ್ಡಿಗೆ ಮುಖ ಮಾಡಿದಾಗ ಎಡ ತುದಿಗೆ ಕೂರಿಸಿ, ಬಲಗಿವಿ ನಿಮ್ಮ ಕಡೆ ಇರುತ್ತದೆ. ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ. ಓದನ್ನು 5ನೇ ಕ್ಲಾಸಿನ ಪುಸ್ತಕದಿಂದ ಬೇಡ, ಕೆಳಗಿನ ಕ್ಲಾಸಿನ ನಲಿ-ಕಲಿ ಕಾರ್ಡುಗಳಿಂದ ಶುರು ಮಾಡಿ. ವಲಸೆ ಹೋಗುವವರ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಇರುವ ಋತುಮಾನದ ವಸತಿ ವ್ಯವಸ್ಥೆಯಲ್ಲಿ ಇವನಿಗೆ ಜಾಗ ಸಿಗುತ್ತದೆಯೇ ವಿಚಾರಿಸಿ. ಕೊನೆಯದಕ್ಕೆ ತಾಯಿ ಒಪ್ಪುವುದು ಕಷ್ಟ, ಏಕೆಂದರೆ ತಂಗಿಯನ್ನು ನೋಡಿಕೊಳ್ಳುವವನು ಅವನೇ. ಅದನ್ನೂ ಪತ್ರದಲ್ಲಿ ಬರೆದಳು.

ಲಾಗ್‌ಬುಕ್

ಹೊಸ ವರದಿ ಮೂರು ಪುಟ ಆಯಿತು. ಮಿಸಿಕ್‌ನ ಒಟ್ಟು ಅಂಕವನ್ನು ಕೊಟ್ಟಿಲ್ಲ. ಯಾಕೆ ಕೊಟ್ಟಿಲ್ಲ ಎಂದು ಒಂದು ಪ್ಯಾರಾ ಇದೆ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು, ಯಾರು ಮಾತು ದಾಟಿಸಿದರು, ಯಾವುದನ್ನು ಅಂಕಕ್ಕೆ ಹಿಡಿದಿಲ್ಲ ಎಲ್ಲ ಇದೆ. ನಡವಳಿಕೆಯ ಭಾಗದಲ್ಲಿ 'ಸಹಕರಿಸಿದ' ಹೋಗಿ ಆ ಪೆನ್ಸಿಲ್ ಟಿಪ್ಪಣಿಗಳು ಬಂದಿವೆ. ಅದಕ್ಕೆ ಸಹಿ ಹಾಕಿದೆ.

ಈ ಒಂದು ಪ್ರಕರಣ ಆಕೆಯ ಆರು ವಾರದಲ್ಲಿ ದೊಡ್ಡ ಪಾಲು ತಿಂದಿತು. ಬುದ್ಧಿಮಟ್ಟದ ಪರೀಕ್ಷೆಗಳ ಐದು ಖಾನೆಯಲ್ಲಿ ಎರಡು ಮಾತ್ರ ತುಂಬಿದವು. ಕಾಲೇಜು ಆಕ್ಷೇಪ ಎತ್ತಿತು. ಉಳಿದ ಮೂರನ್ನು ಎಲ್ಲಾದರೂ ಮಾಡಿ ತರಬೇಕು ಎಂದಿತು. ಆ ಹಠದ ಹಿಂದೆ ಕಾರಣವಿಲ್ಲ ಎಂದಲ್ಲ. ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಅಳತೆ ಬೇಕು, ಇಲ್ಲದಿದ್ದರೆ ಏನೂ ಮಾಡದೆ ಸಹಿ ತರುವವರೂ ಇರುತ್ತಾರೆ. ನಾನು ಪತ್ರ ಬರೆದು, ಬದಲಿಸಿದ ಗುರಿಗಳನ್ನೂ, ಪ್ರತಿಯೊಂದನ್ನೂ ನಾನು ಯಾವಾಗ ಕಣ್ಣಾರೆ ಕಂಡೆ ಎಂಬುದನ್ನೂ ಸೇರಿಸಿದೆ. ಅರ್ಧ ಒಪ್ಪಿದರು. ಉಳಿದ ಪರೀಕ್ಷೆಗಳನ್ನು ಆಕೆ ಬೇರೆ ಕಡೆ ಮುಗಿಸಬೇಕಾಯಿತು. ಈ ಲೆಕ್ಕದ ಪದ್ಧತಿ ಬದಲಾಗದೆ ಹೋದರೆ ಮೊದಲ ವರದಿಯಂಥ ವರದಿಗಳು ಬರುತ್ತಲೇ ಇರುತ್ತವೆ. ಅವನ್ನು ಬರೆಯುವ ಮಕ್ಕಳು ತಪ್ಪಿತಸ್ಥರಲ್ಲ.

ಕುಟುಂಬ ದೀಪಾವಳಿಗೆ ಕಬ್ಬಿಗೆ ಹೋಗಿದೆ, ಹುಡುಗನೂ ಜೊತೆಗೆ ಹೋಗಿದ್ದಾನೆ. ವಸತಿ ವ್ಯವಸ್ಥೆ ಆಗಲಿಲ್ಲ. ಕಿವಿ ಸೋರುವುದು ಔಷಧಿಯಿಂದ ಕಡಿಮೆಯಾಗಿದೆ, ಆಪರೇಷನ್ ಬಾಕಿ ಇದೆ. ತಾಂಡಾದ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿದ್ದೇವೆ. ಫೈಲಿನ ಮೇಲೆ 'ಯುಗಾದಿ ನಂತರ ಆಡಿಯೋಮೆಟ್ರಿ, ಓದಿನ ಮಟ್ಟ ಮತ್ತೆ ನೋಡುವುದು' ಎಂದು ಬರೆದು ಮುಂದಿನ ತಂಡದ ಇಂಟರ್ನ್‌ಗೆ ಒಪ್ಪಿಸಿದ್ದೇನೆ. ಆ ಹೊತ್ತಿಗೆ ಅವನಿಗೆ 12 ತುಂಬಿರುತ್ತದೆ. ರೇವನ್‌ನ ಬಣ್ಣದ ಪುಸ್ತಕ ಆಗುವುದಿಲ್ಲ, 60 ಚಿತ್ರಗಳ ದೊಡ್ಡ ಪುಸ್ತಕ ತೆಗೆಯಬೇಕು.